ಪಿಕಪ್ ಗಾಡಿ ಹೈವೇಯಲ್ಲಿ ಡೀಸೆಲ್ ಕುಡಿಯುತ್ತಿದೆಯಾ? ಹೊರಡುವ ಹಿಂದಿನ ರಾತ್ರಿಯಿಂದಲೇ ಶುರು ಮಾಡಿ

ಕಲಬುರಗಿ ಎಪಿಎಂಸಿ ಹೊರಗೆ ಗಾಡಿ ಹಚ್ಚಿ ಚಹಾ ಕುಡಿಯುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾರ, ನಿಮ್ ಗಾಡಿ ಎಷ್ಟ್ ಅವರೇಜ್ ಕೊಡ್ತದ್ರಿ?" ಒಬ್ಬ ಲೀಟರ್‌ಗೆ ಹದಿನಾರು ಕಿಲೋಮೀಟರ್ ಅನ್ನುತ್ತಾನೆ. ಇನ್ನೊಬ್ಬ ಹದಿನೆಂಟು ಅನ್ನುತ್ತಾನೆ. ಮೂರನೆಯವನು ಸುಮ್ನೆ ನಕ್ಕು ಬೀಡಿ ಹಚ್ಚುತ್ತಾನೆ. ನನ್ನ ಅನುಭವದಲ್ಲಿ ಡೈರಿಯಲ್ಲಿ ಲೆಕ್ಕ ಬರೆದಿಡುವವನು ಆ ಮೂರನೆಯವನೇ.

ನಾನು ಬೊಲೆರೊ ಪಿಕಪ್‌ನಲ್ಲಿ ದಾಲ್ ಮಿಲ್‌ನಿಂದ ಬೇಳೆ ತುಂಬಿಕೊಂಡು ಹೈದರಾಬಾದ್‌ಗೆ ಹೋಗಿ ಬರುತ್ತೇನೆ. ಹುಮನಾಬಾದ್‌ವರೆಗೆ ರಾಷ್ಟ್ರೀಯ ಹೆದ್ದಾರಿ 50, ಅಲ್ಲಿಂದ ಜಹೀರಾಬಾದ್ ಮೇಲೆ 65. ಒಂದು ಕಡೆಗೆ ಸುಮಾರು 220 ಕಿಲೋಮೀಟರ್. ಇಲ್ಲಿ ಬರೆದಿರುವುದು ಆ ದಾರಿಯಲ್ಲಿ ಕಲಿತದ್ದು. ನಿಮ್ಮದು ಅಶೋಕ್ ಲೇಲ್ಯಾಂಡ್ ದೋಸ್ತ್ ಇರಲಿ, ಟಾಟಾ ಯೋಧಾ ಇರಲಿ, ಅಂಕಿ ಬೇರೆಯಾಗಬಹುದು, ಲೆಕ್ಕ ಮಾತ್ರ ಇದೇ.

ಮೊದಲು ಅಳೆಯಿರಿ

ಈಗ ಎಷ್ಟು ಕೊಡುತ್ತಿದೆ ಅಂತ ಗೊತ್ತಿಲ್ಲದೆ ಎಷ್ಟು ಉಳಿಯಿತು ಅಂತ ಹೇಗೆ ಹೇಳುತ್ತೀರಿ? ಐನೂರು, ಸಾವಿರ ರೂಪಾಯಿ ಲೆಕ್ಕದಲ್ಲಿ ಡೀಸೆಲ್ ಹಾಕಿಸಿ ಮುಳ್ಳು ನೋಡಿಕೊಂಡು ಅಂದಾಜು ಮಾಡುವುದು ಅಳತೆಯಲ್ಲ.

ಹೀಗೆ ಮಾಡಿ. ಹೊರಡುವ ಮೊದಲು ಸಮತಟ್ಟು ನೆಲ ಇರುವ ಪಂಪಿನಲ್ಲಿ ಗಾಡಿ ನಿಲ್ಲಿಸಿ, ನಳಿಕೆ ತಾನಾಗಿ ಟಕ್ ಅಂತ ನಿಲ್ಲುವವರೆಗೆ ತುಂಬಿಸಿ. ಅಲ್ಲಿಗೇ ಸಾಕು ಅನ್ನಿ. ಹುಡುಗ ರೌಂಡ್ ಫಿಗರ್ ಮಾಡಲು ಇನ್ನೂ ಸ್ವಲ್ಪ ಒತ್ತುತ್ತಾನೆ, ಬೇಡ ಅನ್ನಿ. ಡೀಸೆಲ್ ನೊರೆ ಬರುವ ವಸ್ತು, ಟಕ್ ಆದ ಮೇಲೆ ಎಷ್ಟು ಹಿಡಿಯುತ್ತದೆ ಅನ್ನುವುದು ಪ್ರತಿ ಸಲ ಬೇರೆ. ಮೀಟರ್‌ನಲ್ಲಿರುವ ಕಿಲೋಮೀಟರ್ ಬರೆದುಕೊಳ್ಳಿ. ಹೋಗಿ ಬಂದು ಅದೇ ಪಂಪಿನಲ್ಲಿ, ಸಾಧ್ಯವಾದರೆ ಅದೇ ನಳಿಕೆಯಲ್ಲಿ, ಮತ್ತೆ ಮೊದಲ ಟಕ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರ್‌ನಿಂದ ಭಾಗಿಸಿ. ನಡುವೆ ಎಲ್ಲಾದರೂ ಡೀಸೆಲ್ ಹಾಕಿಸಿದ್ದರೆ ಅದನ್ನೂ ಕೂಡಿಸಿ. 446 ಕಿಲೋಮೀಟರ್ ಓಡಿ 34.3 ಲೀಟರ್ ಹಿಡಿದರೆ ಅವರೇಜ್ 13. ಅಷ್ಟೇ.

ಒಂದು ಕಡೆಯ ಲೆಕ್ಕ ಯಾಕೆ ಬೇಡ ಅಂದರೆ, ನಮ್ಮ ದಾರಿ ಸಪಾಟಾಗಿ ಕಂಡರೂ ಸಪಾಟಿಲ್ಲ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಹುಮನಾಬಾದ್ 600 ದಾಟುತ್ತದೆ. ಕಮಲಾಪುರದ ಮೇಲೆ ಹೋಗುವಾಗ ಗಾಡಿ ಒಟ್ಟಾರೆ ಏರುತ್ತಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಮಾಲು ಸೇರಿ 3 ಟನ್ ತೂಗುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಎಳೆಯುವುದಕ್ಕೇ ಅರ್ಧ ಲೀಟರ್ ಹತ್ತಿರ ಡೀಸೆಲ್ ಬೇಕು. ವಾಪಸ್ ಬರುವಾಗ ಅದರಲ್ಲಿ ಸ್ವಲ್ಪ ಮರಳಿ ಸಿಗುತ್ತದೆ. "ಹೋಗುವಾಗ ಕಡಿಮೆ ಕೊಟ್ಟಿತು, ಬರುವಾಗ ಜಾಸ್ತಿ ಕೊಟ್ಟಿತು, ಹೈದರಾಬಾದ್ ಡೀಸೆಲ್ ಚಲೋ ಅದ" ಅಂತ ಹೇಳುವವರು ಇದನ್ನು ಮರೆತಿರುತ್ತಾರೆ. ಬರುವಾಗ ಗಾಡಿ ಖಾಲಿ ಇತ್ತು ಅನ್ನುವುದನ್ನೂ ಮರೆತಿರುತ್ತಾರೆ!

ಹೀಗೆ ಮೂರು ಟ್ರಿಪ್ ಏನೂ ಬದಲಾಯಿಸದೆ ಅಳೆಯಿರಿ. ಆಮೇಲೆ ಮುಂದಿನದ್ದು.

ಹಿಂದಿನ ರಾತ್ರಿ

ಟೈರ್ ತಣ್ಣಗಿರುವಾಗ ಹವಾ ನೋಡಬೇಕು. ಎಂದರೆ ರಾತ್ರಿ ಗಾಡಿ ನಿಂತು ಎರಡು ಮೂರು ತಾಸಾದ ಮೇಲೆ, ಇಲ್ಲವೇ ನಸುಕಿನಲ್ಲಿ. ಎಷ್ಟು ಇರಬೇಕು ಅನ್ನುವುದು ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ. ಮುಂದಿನದ್ದು ಬೇರೆ, ಹಿಂದಿನದ್ದು ಬೇರೆ, ಲೋಡ್ ಇದ್ದಾಗ ಬೇರೆ. ಪಂಕ್ಚರ್ ಅಂಗಡಿಯವನು "ಎಲ್ಲಾಕ್ಕೂ ಒಂದೇ ಹೊಡಿತೀನ್ರಿ" ಅಂದರೆ ಒಪ್ಪಬೇಡಿ. ಅಂಗಡಿ ಅಂಗಡಿಗೆ ಗೇಜ್ ಬೇರೆ ತೋರಿಸುತ್ತದೆ, ಹಾಗಾಗಿ ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ. ಕೆಲವು ನೂರು ರೂಪಾಯಿಯ ವಸ್ತು, ಒಂದೆರಡು ಟ್ರಿಪ್‌ನಲ್ಲಿ ದುಡ್ಡು ವಾಪಸ್.

ನಮ್ಮ ಕಡೆಯ ಬೇಸಿಗೆಯಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ಬಿಸಿಲು, ಜಹೀರಾಬಾದ್ ಹತ್ತಿರ ನಿಲ್ಲಿಸಿ ಹವಾ ನೋಡುತ್ತಾರೆ. ಐದಾರು ಪಿಎಸ್‌ಐ (ಹವಾ ಒತ್ತಡದ ಅಳತೆ) ಜಾಸ್ತಿ ಕಾಣುತ್ತದೆ. ಟೈರ್ ಒಡೆದೀತು ಅಂತ ಹೆದರಿ ಹವಾ ಬಿಡುತ್ತಾರೆ. ಬಿಸಿಯಾದ ಟೈರ್‌ನಲ್ಲಿ ಒತ್ತಡ ಏರುವುದು ಸಹಜ, ಕಂಪನಿಯವರು ಅದನ್ನು ಲೆಕ್ಕ ಹಿಡಿದೇ ತಣ್ಣಗಿನ ಅಂಕಿ ಕೊಟ್ಟಿರುತ್ತಾರೆ. ಹವಾ ಬಿಟ್ಟರೆ ಟೈರ್ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಇನ್ನೂ ಬಿಸಿಯಾಗುತ್ತದೆ. ಟೈರ್ ಒಡೆಯುವುದು ಹಾಗೇ. ಡೀಸೆಲ್ ಹೋಗುವುದು ಬೇರೆ.

ಏರ್ ಫಿಲ್ಟರ್ ತೆಗೆದು ನೋಡಿ. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ನಮ್ಮ ರಸ್ತೆಗೆ ಹೊಂದುವುದಿಲ್ಲ. ಸೇಡಂ ಕಡೆ ಸಿಮೆಂಟ್ ದೂಳು, ಶಹಾಬಾದ್ ಕಡೆ ಕಲ್ಲಿನ ದೂಳು, ತೊಗರಿ ರಾಶಿಯ ಕಾಲದಲ್ಲಿ ಹೊಲದ ದೂಳು. ಇಂಥ ಕಡೆ ಓಡುವ ಗಾಡಿಗೆ ಬೇಗ ಬದಲಾಯಿಸಬೇಕಾಗುತ್ತದೆ. ಪೇಪರ್ ಫಿಲ್ಟರ್‌ಗೆ ಹತ್ತಿರದಿಂದ ಜೋರು ಹವಾ ಹೊಡೆದರೆ ಹರಿಯುತ್ತದೆ, ಹರಿದ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಕ್ಯಾಬಿನ್‌ನಲ್ಲಿ, ಸೀಟಿನ ಹಿಂದೆ, ಡಾಲಾದ (ಮಾಲು ತುಂಬುವ ತೊಟ್ಟಿಯ) ಮೂಲೆಯಲ್ಲಿ ಬಿದ್ದಿರುವ ಹಳೇ ಚೈನು, ಮುರಿದ ಜಾಕು, ಎರಡನೇ ಸ್ಟೆಪ್ನಿ ಎಲ್ಲಾ ಇಳಿಸಿ. ನಾನು ಒಮ್ಮೆ ತೂಗಿ ನೋಡಿದಾಗ 60 ಕಿಲೋ ಬಂತು. ವರ್ಷವಿಡೀ ಅದನ್ನು ಬಾಡಿಗೆ ಇಲ್ಲದೆ ಹೈದರಾಬಾದ್ ತೋರಿಸಿಕೊಂಡು ಬಂದಿದ್ದೆ.

ಮಾಲು ತುಂಬುವಾಗ

ಬೇಳೆ ಒಳ್ಳೆಯ ಲೋಡು. 50 ಕಿಲೋದ ಚೀಲ 26 ಇಟ್ಟರೆ 1,300 ಕಿಲೋ, ಆದರೂ ಕ್ಯಾಬಿನ್ ಎತ್ತರ ದಾಟುವುದಿಲ್ಲ. ಚೀಲ ಮುಂದಿನಿಂದ ಜೋಡಿಸುತ್ತಾ ಬನ್ನಿ, ಭಾರ ಎಲ್ಲಾ ಡಾಲಾದ ಹಿಂಭಾಗದ ಮೇಲೆ ಬೀಳುವುದು ಬೇಡ. ಹಿಂದೆ ಕುಂತ ಗಾಡಿಯ ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಹತ್ತಿ ಹಾಗಲ್ಲ. ಶಹಾಪುರ, ಯಾದಗಿರಿ ಕಡೆಯಿಂದ ಹತ್ತಿ ಹೇರಿಕೊಂಡು ಬಂದವರಿಗೆ ಗೊತ್ತು. ತೂಕ ಬೇಳೆಯ ಅರ್ಧವೂ ಇರುವುದಿಲ್ಲ, ಡೀಸೆಲ್ ಮಾತ್ರ ಅಷ್ಟೇ ಹೋಗುತ್ತದೆ. ಹೈವೇಯಲ್ಲಿ ತೂಕಕ್ಕಿಂತ ಎತ್ತರ ಜಾಸ್ತಿ ತಿನ್ನುತ್ತದೆ. ಕ್ಯಾಬಿನ್ ಮೇಲೆ ಎದ್ದು ನಿಂತ ಪ್ರತಿ ಅಡಿಯೂ ಗಾಳಿಗೆ ಒಡ್ಡಿದ ಗೋಡೆ. ಹಾಗಾಗಿ ಒಂದೇ ಮಾಲನ್ನು ಅಗಲಕ್ಕೆ ಹರಡಿ ತಗ್ಗಿಸಲು ಆದರೆ ತಗ್ಗಿಸಿ. ಆಗದಿದ್ದರೆ ವೇಗ ಇನ್ನೂ ಇಳಿಸಿ.

ತಾಡಪತ್ರಿ ಬಿಗಿಯಾಗಿ ಕಟ್ಟಿ. ಅಂಚು ಪಟಪಟ ಬಡಿಯುತ್ತಿದೆ ಅಂದರೆ ಆ ಸದ್ದು ನಿಮ್ಮ ಡೀಸೆಲ್‌ನಿಂದಲೇ ಬರುತ್ತಿದೆ. ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಮತ್ತೆ ಎಳೆಯಿರಿ, ಚೀಲ ಕುಂತು ಹಗ್ಗ ಸಡಿಲ ಆಗಿರುತ್ತದೆ. ನಾನು ಪ್ರತಿ ಟ್ರಿಪ್‌ನಲ್ಲೂ ಈ ಕೆಲಸ ಮಾಡುತ್ತೇನೆ.

ಓವರ್‌ಲೋಡ್ ಬಗ್ಗೆ ಒಂದೇ ಮಾತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಇದರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಎಷ್ಟು ಟ್ರಿಪ್ ಡೀಸೆಲ್ ಉಳಿಸಿದರೆ ಅದು ತುಂಬುತ್ತದೆ, ನೀವೇ ಲೆಕ್ಕ ಹಾಕಿ.

80ರ ಬದಲು 65

ಅಸಲಿ ಮಾತು ಇದು. ಉಳಿದದ್ದೆಲ್ಲಾ ಬಿಟ್ಟು ಇದೊಂದನ್ನು ಮಾಡಿದರೂ ಡೈರಿಯಲ್ಲಿ ಕಾಣುತ್ತದೆ.

ನಮ್ಮಂಥ ಗೂಡ್ಸ್ ಗಾಡಿಗೆ ಸ್ಪೀಡ್ ಗವರ್ನರ್ ಇರುತ್ತದೆ, 80ರ ಮೇಲೆ ಹೋಗುವುದಿಲ್ಲ. ಹೋಗುವುದಿಲ್ಲ ಅನ್ನುವುದೇ ಧೈರ್ಯ ಆಗಿ, ಹುಮನಾಬಾದ್ ದಾಟಿ ನಾಲ್ಕು ಲೇನ್ ಸಿಕ್ಕ ಕೂಡಲೇ ಕಾಲು ಪೂರ್ತಿ ಒತ್ತಿ ಗವರ್ನರ್‌ಗೆ ತಾಗಿಸಿ ಕೂರುತ್ತಾರೆ. ನಾನೂ ಹಾಗೇ ಓಡಿಸುತ್ತಿದ್ದೆ. ಆದರೆ ಗಾಳಿ ಒಡ್ಡುವ ತಡೆ ವೇಗದ ಲೆಕ್ಕದಲ್ಲಿ ಏರುವುದಿಲ್ಲ, ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 65ರಲ್ಲಿ ಇರುವ ತಡೆಗಿಂತ 80ರಲ್ಲಿ ಒಂದೂವರೆ ಪಟ್ಟು. ಪಿಕಪ್ ಅಂದರೆ ಮೂತಿ ಚಪ್ಪಟೆ, ಬೆನ್ನು ಚೌಕ. ಕಾರಿನ ಹಾಗೆ ಗಾಳಿ ಸೀಳಿಕೊಂಡು ಹೋಗುವ ಮೈಯಲ್ಲ ಅದು, ಗಾಳಿಗೆ ಗುದ್ದಿಕೊಂಡು ಹೋಗುವ ಮೈ.

ನನ್ನ ಗಾಡಿಯಲ್ಲಿ ಲೋಡ್ ಇದ್ದಾಗ 80ರಲ್ಲಿ 11 ಚಿಲ್ಲರೆ, 65ರಲ್ಲಿ 13ರಿಂದ 13.5. ಒಂದು ಕಡೆಯ 220 ಕಿಲೋಮೀಟರ್‌ಗೆ ಮೂರು ಲೀಟರ್ ಹತ್ತಿರ ವ್ಯತ್ಯಾಸ. ಇನ್ನು ಸಮಯ. ಹುಮನಾಬಾದ್‌ನಿಂದ ಹೈದರಾಬಾದ್ ಸುಮಾರು 160 ಕಿಲೋಮೀಟರ್, ಎಲ್ಲೂ ನಿಲ್ಲದೆ 80ರಲ್ಲಿ ಹೋದರೆ ಎರಡು ತಾಸು, 65ರಲ್ಲಿ ಎರಡೂವರೆ. ಕಾಗದದ ಮೇಲೆ ಅರ್ಧ ತಾಸು. ರಸ್ತೆಯ ಮೇಲೆ ಟೋಲು, ಊರು, ಸದಾಶಿವಪೇಟೆ ಟ್ರಾಫಿಕ್ಕು ಸೇರಿ ಆ ವ್ಯತ್ಯಾಸ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಪಟಾನ್‌ಚೆರುವಿನಲ್ಲಿ ಸಿಗ್ನಲ್ ಹತ್ತಿರ ನನ್ನನ್ನು ಹಿಂದೆ ಹಾಕಿ ಹೋದವನ ಪಕ್ಕದಲ್ಲೇ ನಾನು ಎಷ್ಟೋ ಸಲ ನಿಂತಿದ್ದೇನೆ. ಇಪ್ಪತ್ತು ನಿಮಿಷ ಬೇಕೇ ಬೇಕು ಅಂದರೆ ಇಪ್ಪತ್ತು ನಿಮಿಷ ಮುಂಚೆ ಹೊರಡಿ. ನಸುಕಿನ ನಾಲ್ಕೂವರೆಗೆ ಕಲಬುರಗಿ ಬಿಟ್ಟರೆ ರಸ್ತೆಯೂ ಖಾಲಿ, ಇಂಜಿನ್ನಿಗೂ ನಿಮಗೂ ತಂಪು.

ಐದನೇ ಗೇರಿನಲ್ಲಿ 60ರಿಂದ 65, ಕಾಲು ಅಲುಗಿಸದೆ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ) ಮುಳ್ಳು ಇದ್ದರೆ 1,500ರಿಂದ 2,200ರ ಒಳಗೆ ಇರುವಂತೆ ನೋಡಿಕೊಳ್ಳಿ. ಹಾಗಂತ 35ರಲ್ಲೂ ಐದನೇ ಗೇರು ಬಿಡದೆ ಗಾಡಿ ನಡುಗಿಸುವುದೂ ತಪ್ಪು. ಅದು ಉಳಿತಾಯವಲ್ಲ, ಇಂಜಿನ್ ಉಸಿರು ಕಟ್ಟಿ ಹೊಗೆ ಬಿಡುತ್ತದೆ.

ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ ಅನ್ನುವುದು ನಿಜ. ಅವನು ಬ್ರೇಕ್ ಹೊಡೆದರೆ ನೀವು ಅವನ ಡಾಲಾದೊಳಗೆ ಅನ್ನುವುದೂ ನಿಜ. ಬೇಡ.

ಊರು, ಹಂಪು, ಏರು

ನಿಂತ ಗಾಡಿ ಎತ್ತುವುದಕ್ಕೇ ಡೀಸೆಲ್ ಹೋಗುವುದು. 3 ಟನ್ ಗಾಡಿಯನ್ನು ಸೊನ್ನೆಯಿಂದ 65ಕ್ಕೆ ತರಲು 40 ಮಿಲಿ ಲೀಟರ್ ಹತ್ತಿರ ಡೀಸೆಲ್ ಬೇಕು. ನಮ್ಮ ಕಡೆ ಹೋಟೆಲಿನಲ್ಲಿ ಕೊಡುವ ಕಟ್ ಚಹಾ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅಷ್ಟು. ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದಾಗಲೆಲ್ಲಾ ಆ ಕಪ್ಪು ನೆಲಕ್ಕೆ ಚೆಲ್ಲಿದ ಹಾಗೆ. 25 ಸಲ ನಿಂತರೆ ಒಂದು ಲೀಟರ್.

ಹಾಗಾಗಿ ದೂರ ನೋಡಿ. ಮುಂದೆ ಊರು ಕಾಣುತ್ತಿದೆ, ಹಂಪು ಇದೆ ಅಂತ ಗೊತ್ತು, ಟಂಟಂ ಆಟೋ ಒಂದು ಅಡ್ಡ ಬರುವ ಹಾಗಿದೆ. ಮುನ್ನೂರು ಮೀಟರ್ ಮುಂಚೆಯೇ ಎಕ್ಸಲೇಟರ್‌ನಿಂದ ಕಾಲು ತೆಗೆಯಿರಿ, ಗೇರಿನಲ್ಲೇ ಬಿಡಿ. ಗಾಡಿ ತಾನೇ ನಿಧಾನ ಆಗುತ್ತದೆ, ಹಂಪು ಬರುವಷ್ಟರಲ್ಲಿ ಬ್ರೇಕ್ ಮುಟ್ಟುವುದಷ್ಟೇ ಬಾಕಿ.

ನ್ಯೂಟ್ರಲ್ ಮಾಡಬೇಡಿ. ಹಳೇ ಡ್ರೈವರ್‌ಗಳು ಇದಕ್ಕೆ ನನ್ನ ಜೊತೆ ಜಗಳಕ್ಕೆ ಬರುತ್ತಾರೆ, ಬರಲಿ. ಈಗಿನ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡುವ) ಇಂಜಿನ್‌ನಲ್ಲಿ, ಗೇರಿನಲ್ಲಿದ್ದು ಕಾಲು ಪೂರ್ತಿ ತೆಗೆದರೆ ಕಂಪ್ಯೂಟರ್ ಇಂಜೆಕ್ಟರ್‌ನಿಂದ (ಇಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ನಳಿಕೆ) ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಇಳಿಜಾರೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಬಂದಾಗದಿರಲಿ ಅಂತ ಅದಕ್ಕೆ ಡೀಸೆಲ್ ಕೊಡಲೇಬೇಕು. ಮೇಲೆ ಇಂಜಿನ್ ಬ್ರೇಕೂ ಇಲ್ಲ, ಲೋಡ್ ಗಾಡಿಯ ಬ್ರೇಕ್ ಕಾದು ಹೋಗುತ್ತದೆ.

ಏರಿನಲ್ಲಿ ಹಟ ಮಾಡಬೇಡಿ. 65ನ್ನೇ ಹಿಡಿಯಬೇಕು ಅಂತ ಒತ್ತುವುದಕ್ಕಿಂತ 50ಕ್ಕೆ ಇಳಿಯಲು ಬಿಡಿ, ಇಂಜಿನ್ ಭಾರ ಅನ್ನುವ ಮೊದಲೇ ನಾಲ್ಕನೇ ಗೇರಿಗೆ ಬನ್ನಿ, ಏರಿನ ತಲೆ ದಾಟಿದ ಮೇಲೆ ಇಳುಕಲಿನಲ್ಲಿ ವೇಗ ಪುಕ್ಕಟೆ ಬರುತ್ತದೆ.

ಕಬ್ಬಿನ ಸೀಸನ್ ಅಂದರೆ ಬೇರೆಯೇ ಲೆಕ್ಕ. ಜೇವರ್ಗಿ, ಅಫಜಲಪುರ, ಆಳಂದ ದಾರಿಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಸಾಲು. ಒಂದೊಂದನ್ನೂ ಓವರ್‌ಟೇಕ್ ಮಾಡುತ್ತಾ ಗೇರು ಇಳಿಸಿ ಏರಿಸಿ ಹೋದರೆ ಅವರೇಜ್ ನೆಲ ಕಚ್ಚುತ್ತದೆ. ರಸ್ತೆ ಖಾಲಿ ಇರುವ ಹೊತ್ತು ನೋಡಿ ಹೊರಡುವುದೊಂದೇ ಉಪಾಯ. ರಾತ್ರಿ ಅಂತೂ ಬೇಡ, ಎಷ್ಟೋ ಟ್ರೇಲರ್‌ಗೆ ಹಿಂದೆ ಲೈಟೇ ಇರುವುದಿಲ್ಲ. ಹಾಗೇ ರಸ್ತೆಯ ಮೇಲೆ ರಾಶಿ ಹರಡಿದ್ದರೆ ದಾಟಿದ ಮೇಲೆ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ. ಒಣ ಕಟ್ಟಿಗೆ, ಹೊಟ್ಟು ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತುತ್ತದೆ.

ಆಷಾಢದ ಗಾಳಿ

ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಬಯಲಿನಲ್ಲಿ ಗಾಳಿ ಪಡುವಣದಿಂದ ಜೋರಾಗಿ ಬೀಸುತ್ತದೆ. ಆಗ ಹೈದರಾಬಾದ್‌ಗೆ ಹೋಗುವವನ ಬೆನ್ನಿಗೆ ಗಾಳಿ, ಆಳಂದದ ಮೇಲೆ ಸೊಲ್ಲಾಪುರಕ್ಕೆ ಹೋಗುವವನ ಮುಖಕ್ಕೆ ಗಾಳಿ. ನೀವು 65ರಲ್ಲಿ ಹೋಗುತ್ತಿದ್ದು ಎದುರು ಗಾಳಿ 20ರಲ್ಲಿ ಬೀಸಿದರೆ ಗಾಡಿಗೆ ಅದು 85ರ ಗಾಳಿಯೇ. ಅಂಥ ದಿನ 55ಕ್ಕೆ ಇಳಿಯಿರಿ, ಅವರೇಜ್ ಕಡಿಮೆ ಬಂದರೆ ಗ್ಯಾರೇಜ್ ಮಿಸ್ತ್ರಿಯನ್ನು ಬೈಯಬೇಡಿ. ಡೈರಿಯಲ್ಲಿ "ಗಾಳಿ" ಅಂತ ಒಂದು ಪದ ಬರೆದಿಡಿ, ಸಾಕು.

ಎಲ್ಲಿ ತುಂಬಿಸಬೇಕು, ಎಲ್ಲಿ ಬಂದ್ ಮಾಡಬೇಕು

ಗಡಿ ಜಿಲ್ಲೆಯವರಿಗೆ ಇದೊಂದು ಅನುಕೂಲ. ಕೆಲವು ವರ್ಷಗಳಿಂದ ತೆಲಂಗಾಣದಲ್ಲಿ ಡೀಸೆಲ್ ನಮಗಿಂತ ತುಟ್ಟಿ. ಆ ದಿನದ ದರ ಎರಡೂ ಕಡೆ ಮೊಬೈಲ್‌ನಲ್ಲಿ ನೋಡಿಕೊಂಡು, ಕಡಿಮೆ ಇರುವ ಕಡೆ ಹೋಗಿ ಬರುವಷ್ಟು ತುಂಬಿಸಿ. ಹುಮನಾಬಾದ್, ಮನ್ನಾಏಖೇಳ್ಳಿ ದಾಟಿದರೆ ಗಡಿ ಹತ್ತಿರ, ಅಷ್ಟರೊಳಗೆ ತೀರ್ಮಾನ ಆಗಿರಲಿ. ನಸುಕಿನಲ್ಲಿ ತುಂಬಿಸಿದರೆ ಡೀಸೆಲ್ ಜಾಸ್ತಿ ಬರುತ್ತದೆ ಅನ್ನುವ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಟ್ಯಾಂಕ್ ನೆಲದೊಳಗೆ ಇರುತ್ತದೆ, ಹಗಲು ರಾತ್ರಿ ಅದರ ಬಿಸಿ ಹೆಚ್ಚೇನೂ ಬದಲಾಗುವುದಿಲ್ಲ. ಸೀಮೆಎಣ್ಣೆ ಬೆರೆಸುವ ಹಳೇ ಚಾಳಿ ಇದ್ದರೆ ಈಗಲೇ ಬಿಡಿ. ಕಾಮನ್ ರೈಲ್ ಪಂಪಿಗೂ ಇಂಜೆಕ್ಟರ್‌ಗೂ ಡೀಸೆಲೇ ಎಣ್ಣೆ ಬಿಟ್ಟ ಹಾಗೆ ಕೆಲಸ ಮಾಡುತ್ತದೆ, ಸೀಮೆಎಣ್ಣೆಗೆ ಆ ಜಿಡ್ಡಿಲ್ಲ.

ನಿಂತಲ್ಲಿ ಇಂಜಿನ್ ಚಾಲೂ ಇಟ್ಟರೆ ತಾಸಿಗೆ ಅರ್ಧದಿಂದ ಒಂದು ಲೀಟರ್ ಹೋಗುತ್ತದೆ. ಮಾಲು ಇಳಿಸುವ ಸಾಲಿನಲ್ಲಿ ಬಂದ್ ಮಾಡಿ. ಆದರೆ ಹೈವೇಯಿಂದ ನೇರ ಧಾಬಾಕ್ಕೆ ನುಗ್ಗಿದ ಕೂಡಲೇ ಕೀಲಿ ತಿರುಗಿಸಬೇಡಿ, ಒಂದು ನಿಮಿಷ ಬಿಟ್ಟು ಬಂದ್ ಮಾಡಿ, ಟರ್ಬೊ (ಇಂಜಿನ್ನಿಗೆ ಗಾಳಿ ನೂಕುವ ಫ್ಯಾನು) ತಣಿಯಲಿ. ಓಡುವಾಗ ಎಸಿ ಇದ್ದರೆ ಹಾಕಿಕೊಳ್ಳಿ. ಅದು ತಿನ್ನುವುದು ಸ್ವಲ್ಪ. ಮೇ ತಿಂಗಳಲ್ಲಿ ಬೆವರಿ ತೂಕಡಿಸಿಕೊಂಡು ಗಾಡಿ ಓಡಿಸುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ, ಅಲ್ವಾ?

ವಾಪಸ್ ಖಾಲಿ ಬರುವಾಗ ತಾಡಪತ್ರಿಯ ಕಮಾನು ಬಿಚ್ಚಿ, ತಾಡಪತ್ರಿ ಮಡಚಿ ಡಾಲಾದೊಳಗೆ ಕಟ್ಟಿ ಇಡಿ. ಡಾಲಾದ ಹಿಂದಿನ ಬಾಗಿಲು ಮುಚ್ಚಿಯೇ ಇರಲಿ, ತೆರೆದರೆ ಗಾಳಿ ಸರಾಗ ಹೋಗುತ್ತದೆ ಅನ್ನುವುದು ಬರೀ ಊಹೆ. ಮುಚ್ಚಿದ ಡಾಲಾದೊಳಗೆ ಗಾಳಿ ಸುಳಿ ಕಟ್ಟಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ.

ಅವರೇಜ್ ದಿಢೀರ್ ಬಿದ್ದರೆ

ಹೋದ ವರ್ಷ ನನ್ನ ಗಾಡಿ ಒಂದೇ ವಾರದಲ್ಲಿ 13ರಿಂದ 11ಕ್ಕೆ ಇಳಿಯಿತು. ಪಂಪಿನವನು ಅಳತೆಯಲ್ಲಿ ಮೋಸ ಮಾಡಿದ ಅಂತ ನಾನು ಪಂಪ್ ಬದಲಾಯಿಸಿದೆ. ಮತ್ತೆ 11. ಒಂದು ಗ್ಯಾರೇಜಿನಲ್ಲಿ ಇಂಜೆಕ್ಟರ್ ಬಿಚ್ಚಬೇಕು, ಖರ್ಚು ಬಹಳ ಅಂದರು. ನನ್ನ ಕಾಕಾ ಲಾರಿ ಓಡಿಸಿ ಮುದುಕನಾದವನು, ಅವನಿಗೆ ಫೋನ್ ಮಾಡಿದೆ. "ಗಾಡಿ ನಿಲ್ಸಿದ ಮ್ಯಾಲ ನಾಕೂ ಗಾಲಿ ಹತ್ರ ಕೈ ಹಿಡ್ದು ನೋಡೋ ತಮ್ಮಾ" ಅಂದ. ಮುಟ್ಟಬೇಡ, ಹತ್ತಿರ ಹಿಡಿ ಅಂತಲೂ ಅಂದ. ಎಡಗಡೆ ಹಿಂದಿನ ಗಾಲಿ ಒಲೆಯ ಹಾಗೆ ಕಾದಿತ್ತು. ಬ್ರೇಕ್ ಹಿಡಿದುಕೊಂಡೇ ಇತ್ತು, ನಾನು ಅದನ್ನು ಎಳೆದುಕೊಂಡೇ ಹೈದರಾಬಾದ್ ತಿರುಗುತ್ತಿದ್ದೆ.

ಹಾಗಾಗಿ ಈ ಕ್ರಮದಲ್ಲಿ ನೋಡಿ, ಪುಕ್ಕಟೆ ಇರುವುದು ಮೊದಲು. ನಾಲ್ಕು ಗಾಲಿಯ ಬಿಸಿ. ಆಮೇಲೆ ಹವಾ. ಆಮೇಲೆ ಏರ್ ಫಿಲ್ಟರ್. ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ. ಏರಿನಲ್ಲಿ ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಅದು ಆಗಾಗ ತನ್ನೊಳಗಿನ ಮಸಿ ಸುಟ್ಟುಕೊಳ್ಳುತ್ತದೆ, ಅದಕ್ಕೂ ಡೀಸೆಲ್ ಬೇಕು. ಒಂದು ಟ್ರಿಪ್ ಕಡಿಮೆ ಬಂದರೆ ಅದೇ ಇರಬಹುದು, ಸುಡುವಾಗ ನಡುವೆ ಗಾಡಿ ಬಂದ್ ಮಾಡಬೇಡಿ. ಮೂರು ಟ್ರಿಪ್ ಸಾಲಾಗಿ ಕಡಿಮೆ ಬಂದು, ಮೇಲಿನ ಎಲ್ಲವೂ ಸರಿ ಇದ್ದರೆ ಆಗ ಮಾತ್ರ ಇಂಜೆಕ್ಟರ್ ಮಾತು. ಗ್ಯಾರೇಜಿಗೆ ಹೋಗುವಾಗ ಡೈರಿಯನ್ನೂ ಒಯ್ಯಿರಿ. ತಾರೀಖು, ಕಿಲೋಮೀಟರ್, ಲೀಟರ್, ಮಾಲು ಬರೆದ ಹಾಳೆ ಮುಂದೆ ಇಟ್ಟರೆ ಮಿಸ್ತ್ರಿ ಮಾತಾಡುವ ರೀತಿಯೇ ಬೇರೆ ಇರುತ್ತದೆ.